ಕಾಯುತ್ತ ಕುಳಿತ ಹಣ

ಮನೆಯ ಹಣವೆಲ್ಲ ಒಂದೇ ಜಾತಿಯದಲ್ಲ. ಮಗಳ ಮದುವೆಗೆಂದು ಕೂಡಿಟ್ಟದ್ದು ಒಂದು ಬಗೆ. ಅದು ವರ್ಷಗಟ್ಟಲೆ ಅಲುಗುವುದಿಲ್ಲ. ನಾಳೆ ಹಾಲಿನವನಿಗೆ, ನಾಡಿದ್ದು ಬಾಡಿಗೆಗೆ ಎಂದು ಎತ್ತಿಟ್ಟದ್ದು ಇನ್ನೊಂದು ಬಗೆ. ಅದು ಸಾಸಿವೆ ಡಬ್ಬಿಯಲ್ಲಿದ್ದರೂ ಆದೀತು, ಬೀರುವಿನಲ್ಲಿ ಸೀರೆಯ ಮಡಿಕೆಯಲ್ಲಿದ್ದರೂ ಆದೀತು. ಇವೆರಡರ ನಡುವೆ ಮೂರನೆಯದೊಂದುಂಟು. ಸೈಟು ಮಾರಿದ ಹಣ ಬಂದಿದೆ, ಮನೆ ಕಟ್ಟುವ ಮೇಸ್ತ್ರಿ ಇನ್ನೂ ಗೊತ್ತಾಗಿಲ್ಲ. ನಿವೃತ್ತಿಯ ಹಣ ಕೈಸೇರಿದೆ, ಅದನ್ನು ಏನು ಮಾಡಬೇಕೆಂಬುದರಲ್ಲಿ ಗಂಡಹೆಂಡಿರಿಗೆ ಇನ್ನೂ ಒಮ್ಮತವಿಲ್ಲ. ಇದು ಕಾಯುತ್ತ ಕುಳಿತ ಹಣ. ಕೇಳಿದ ದಿನ ಇದು ಕೈಗೆ ಬರಬೇಕು; ಬಂದಾಗ ಒಂದು ಕಾಸೂ ಕಡಮೆಯಾಗಿರಬಾರದು. ಕಾಯುವಷ್ಟು ದಿನ ಒಂದಿಷ್ಟು ಬಡ್ಡಿಯನ್ನೂ ತಂದರೆ ಬೇಡವೆನ್ನುವವರು ಯಾರು?

ಈ ಮೂರನ್ನೂ ಒಟ್ಟಿಗೆ ಒದಗಿಸುತ್ತೇವೆಂದು ಹೊರಟ ಒಂದು ಏರ್ಪಾಡಿನ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದರ ಹೆಸರು ಹಣದ ಪೇಟೆಯ ಮ್ಯೂಚುಯಲ್ ಫಂಡ್. ನಮ್ಮಲ್ಲಿ ಇದರ ಹತ್ತಿರದ ಬಂಧುವನ್ನು ಲಿಕ್ವಿಡ್ ಫಂಡ್ ಎನ್ನುತ್ತಾರೆ. ಇದು ಹುಟ್ಟಿದ್ದು ನ್ಯೂಯಾರ್ಕ್ ನಗರದಲ್ಲಿ, ೧೯೭೧ರಲ್ಲಿ. ಹುಟ್ಟಿಸಿದ ಮನೆತನದ ಫಂಡೇ ಮೂವತ್ತೇಳು ವರ್ಷಗಳ ಮೇಲೆ ಎರಡು ದಿನಗಳಲ್ಲಿ ಮುರಿದುಬಿದ್ದಿತು.

ಪೇಟೆಯೆಂದೊಡನೆ ಚಿಕ್ಕಪೇಟೆಯ ನೂಕುನುಗ್ಗಲು ಕಣ್ಣಿಗೆ ಕಟ್ಟೀತು. ಹಣದ ಪೇಟೆಗೆ ಅಂಗಡಿಯಿಲ್ಲ, ಕೂಗಿಲ್ಲ. ಸರ್ಕಾರಗಳು, ಬ್ಯಾಂಕುಗಳು, ದೊಡ್ಡ ಕಂಪೆನಿಗಳು ಕೆಲವು ದಿನಗಳಿಂದ ಹಿಡಿದು ಒಂದು ವರ್ಷದವರೆಗಿನ ಅಲ್ಪಾವಧಿಗೆ ಸಾಲ ಎತ್ತುವ ವ್ಯವಹಾರಕ್ಕೆ ಈ ಹೆಸರು. ಸರ್ಕಾರ ಎತ್ತುವ ಸಾಲದ ಕಾಗದ ಖಜಾನೆ ಹುಂಡಿ. ನೂರು ರೂಪಾಯಿಯ ಹುಂಡಿಯನ್ನು ಇಂದು ತೊಂಬತ್ತೆಂಟಕ್ಕೆ ಮಾರುತ್ತಾರೆ, ಅವಧಿ ಮುಗಿದ ದಿನ ನೂರು ಕೊಡುತ್ತಾರೆ. ನಡುವಿನ ಎರಡೇ ಬಡ್ಡಿ. ಕಂಪೆನಿಗಳು ಎತ್ತುವ ಸಾಲದ ಕಾಗದಕ್ಕೆ ವಾಣಿಜ್ಯ ಪತ್ರವೆಂದು ಹೆಸರು. ಇದಕ್ಕೆ ಅಡವಿಲ್ಲ, ಜಾಮೀನಿಲ್ಲ. ನಮ್ಮ ಹಳೆಯ ಸಾಹುಕಾರರ ಹುಂಡಿಯಂತೆ ಬರೆದುಕೊಟ್ಟವನ ಹೆಸರೇ ಇದರ ಬಲ. ಸರ್ಕಾರದ ಹುಂಡಿಗಿಂತ ಇದರಲ್ಲಿ ಬಡ್ಡಿ ಕೊಂಚ ಹೆಚ್ಚು. ಈ 'ಕೊಂಚ ಹೆಚ್ಚು' ಎಂಬ ಮಾತನ್ನು ಓದುಗರು ನೆನಪಿಟ್ಟುಕೊಂಡಿರಬೇಕು. ಮುಂದೆ ನಡೆದುದಕ್ಕೆಲ್ಲ ಮೂಲ ಅಲ್ಲಿಯೇ ಇದೆ.

ಇನ್ನು ಹುಟ್ಟಿನ ಸಂಗತಿ. ೧೯೩೦ರ ಆಚೀಚೆ ಅಮೆರಿಕದಲ್ಲಿ ಸಾವಿರಾರು ಬ್ಯಾಂಕುಗಳು ಬಾಗಿಲು ಮುಚ್ಚಿದುವು. ಠೇವಣಿ ಸೆಳೆಯುವ ಪೈಪೋಟಿಯಲ್ಲಿ ಬ್ಯಾಂಕುಗಳು ಅತಿಯಾಗಿ ಬಡ್ಡಿ ಕೊಟ್ಟು ಕೆಟ್ಟವೆಂದು ಆಗಿನವರು ಭಾವಿಸಿದರು. ೧೯೩೩ರ ಕಾನೂನು ಚಾಲ್ತಿ ಖಾತೆಗೆ ಬಡ್ಡಿಯೇ ಕೂಡದೆಂದಿತು. ಉಳಿತಾಯ ಖಾತೆಯ ಬಡ್ಡಿಗೆ ಮೇಲ್ಮಿತಿ ಗೊತ್ತುಮಾಡುವ ಅಧಿಕಾರವನ್ನು ಅಲ್ಲಿಯ ಕೇಂದ್ರ ಬ್ಯಾಂಕಿಗೆ ಕೊಟ್ಟಿತು. ಬೆಲೆಗಳು ನೆಟ್ಟಗಿದ್ದಷ್ಟು ಕಾಲ ಇದು ಯಾರಿಗೂ ಹೊರೆಯೆನಿಸಲಿಲ್ಲ. ೧೯೬೦ರ ದಶಕದ ಕೊನೆಗೆ ಬೆಲೆಗಳು ಏರತೊಡಗಿದುವು. ೧೯೭೦ರ ಮೊದಲಲ್ಲಿ ಖಜಾನೆ ಹುಂಡಿ ನೂರಕ್ಕೆ ಏಳರ ಮೇಲೆ ತರುತ್ತಿದ್ದಾಗ ಬ್ಯಾಂಕಿನ ಉಳಿತಾಯ ಖಾತೆಗೆ ಸಿಕ್ಕುತ್ತಿದ್ದುದು ಹೆಚ್ಚೆಂದರೆ ನಾಲ್ಕೂವರೆ. ಹಾಗಾದರೆ ಹುಂಡಿಯನ್ನೇ ಕೊಳ್ಳೋಣವೆಂದು ಸಣ್ಣ ಜನ ಹೊರಟರು. ಅದೇ ವರ್ಷ ಸರ್ಕಾರ ಹುಂಡಿಯ ಕನಿಷ್ಠ ಮೊತ್ತವನ್ನು ಒಂದು ಸಾವಿರ ಡಾಲರಿನಿಂದ ಹತ್ತು ಸಾವಿರಕ್ಕೆ ಏರಿಸಿತು. ಉಳ್ಳವರಿಗೆ ಏಳು, ಇಲ್ಲದವರಿಗೆ ನಾಲ್ಕೂವರೆ ಎಂದಾಯಿತು.

ಈ ಅನ್ಯಾಯದಲ್ಲಿ ಒಂದು ವ್ಯಾಪಾರವಿದೆಯೆಂದು ಕಂಡವರು ಬ್ರೂಸ್ ಬೆಂಟ್ ಮತ್ತು ಹೆನ್ರಿ ಬ್ರೌನ್. ಇಬ್ಬರೂ ಹಿಂದೆ ಉಪಾಧ್ಯಾಯರ ವಿಮಾ ಸಂಸ್ಥೆಯೊಂದರಲ್ಲಿ ಜೊತೆಯಾಗಿ ಕೆಲಸ ಮಾಡಿದವರು. ಅವರ ಯುಕ್ತಿ ಸರಳವಾದದ್ದು. ಒಬ್ಬನ ಕೈಯಲ್ಲಿ ಹತ್ತು ಸಾವಿರ ಇಲ್ಲದಿದ್ದರೆ ಹತ್ತು ಮಂದಿಯ ಕೈಯಲ್ಲಿ ಒಟ್ಟು ಇದ್ದೇ ಇದೆ. ಎಲ್ಲರದನ್ನೂ ಒಂದೆಡೆ ಸುರಿದು ದೊಡ್ಡ ಹುಂಡಿಗಳನ್ನೂ ಬ್ಯಾಂಕುಗಳ ದೊಡ್ಡ ಠೇವಣಿ ಪತ್ರಗಳನ್ನೂ ಕೊಂಡು, ಬಂದ ಬಡ್ಡಿಯಲ್ಲಿ ತಮ್ಮ ಕೂಲಿ ಕಳೆದುಕೊಂಡು ಮಿಕ್ಕಿದ್ದನ್ನು ಹಂಚುವುದು. ಚೀಟಿ ಕಟ್ಟಿ ಬಲ್ಲ ನಮಗೆ ಇದರಲ್ಲಿ ಹೊಸತೇನಿದೆಯೆನಿಸಬಹುದು. ಚೀಟಿಯಲ್ಲಿ ಸರದಿಗೊಬ್ಬರು ಒಟ್ಟು ಹಣವನ್ನು ಎತ್ತುತ್ತಾರೆ. ಇಲ್ಲಿ ಯಾರೂ ಎತ್ತುವುದಿಲ್ಲ, ಅವರವರ ಪಾಲು ಅವರವರಿಗೆ ಯಾವ ದಿನ ಕೇಳಿದರೂ ಸಿಕ್ಕುತ್ತದೆ. ಇದಕ್ಕೆ ಅವರಿಟ್ಟ ಹೆಸರು ರಿಸರ್ವ್ ಫಂಡ್. ಮೊದಮೊದಲು ಯಾರೂ ತಿರುಗಿ ನೋಡಲಿಲ್ಲ. ೧೯೭೩ರ ಜನವರಿಯಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಇದರ ಬಗ್ಗೆ ಬರೆಯಿತು. ಆ ವರ್ಷ ಮುಗಿಯುವ ವೇಳೆಗೆ ಹತ್ತು ಕೋಟಿ ಡಾಲರ್ ಬಂದು ಸೇರಿತ್ತು.

ಅನುಕರಿಸುವವರು ತಡಮಾಡಲಿಲ್ಲ. ಮರುವರ್ಷ ಫಿಡೆಲಿಟಿ ಎಂಬ ಸಂಸ್ಥೆ ತನ್ನ ಫಂಡಿನ ಮೇಲೆ ಚೆಕ್ಕು ಬರೆಯಬಹುದೆಂದು ಸಾರಿತು. ಚೆಕ್ಕಿನ ಪುಸ್ತಕ ಕೈಗೆ ಬಂದ ಮೇಲೆ ಇದು ಬ್ಯಾಂಕಲ್ಲವೆಂಬ ನೆನಪು ಎಷ್ಟು ಜನಕ್ಕೆ ಉಳಿದೀತು? ೧೯೭೭ರಲ್ಲಿ ಇಂಥ ಫಂಡುಗಳಲ್ಲೆಲ್ಲ ಸೇರಿ ಇದ್ದುದು ಸುಮಾರು ನಾನೂರು ಕೋಟಿ ಡಾಲರ್. ಮುಂದೆ ಹಣದುಬ್ಬರವನ್ನು ಅಡಗಿಸಲು ಕೇಂದ್ರ ಬ್ಯಾಂಕಿನ ಅಧ್ಯಕ್ಷ ಪಾಲ್ ವೋಲ್ಕರ್ ಬಡ್ಡಿಯನ್ನು ಹಿಂದೆಂದೂ ಕಾಣದ ಮಟ್ಟಕ್ಕೆ ಏರಗೊಟ್ಟಾಗ ಬ್ಯಾಂಕುಗಳಿಂದ ಹಣ ಹೊಳೆಯಾಗಿ ಇತ್ತ ಹರಿಯಿತು. ೧೯೮೨ರ ವೇಳೆಗೆ ಮೊತ್ತ ಇಪ್ಪತ್ತು ಸಾವಿರ ಕೋಟಿಯನ್ನು ಮೀರಿತ್ತು. ಬ್ಯಾಂಕುಗಳ ಮೇಲಿನ ಬಡ್ಡಿಯ ಮಿತಿ ೧೯೮೬ರ ಹೊತ್ತಿಗೆ ಕಳಚಿಹೋಯಿತು. ಹುಟ್ಟಿಗೆ ಕಾರಣವಾದದ್ದು ಹೋದರೂ ಕೂಸು ಮಾತ್ರ ಬೆಳೆಯುತ್ತಲೇ ಹೋಯಿತು.

ಅದು ಹಾಗೆ ಬೆಳೆದದ್ದಕ್ಕೆ ಮುಖ್ಯ ಕಾರಣ ಅದರ ಬೆಲೆ. ಬೇರೆ ಫಂಡುಗಳ ಬೆಲೆ ದಿನಕ್ಕೊಂದು. ಇದರ ಒಂದು ಪಾಲಿನ ಬೆಲೆ ಎಂದೆಂದಿಗೂ ಒಂದೇ ಡಾಲರ್. ಇದು ಹೇಗೆ ಸಾಧ್ಯ? ಫಂಡು ಕೊಂಡಿರುವ ಕಾಗದಗಳ ಪೇಟೆಯ ಬೆಲೆ ಪ್ರತಿದಿನ ಕೂದಲೆಳೆಯಷ್ಟಾದರೂ ಏರಿಳಿಯುತ್ತದಲ್ಲವೆ? ೧೯೮೩ರಲ್ಲಿ ಅಲ್ಲಿಯ ಷೇರುಪೇಟೆ ನಿಯಂತ್ರಣ ಮಂಡಲಿ ಒಂದು ನಿಯಮದಿಂದ ಇದನ್ನು ಸಾಧ್ಯವಾಗಿಸಿತು. ಒಳ್ಳೆಯ ದರ್ಜೆಯ, ಬೇಗ ತೀರುವ ಕಾಗದಗಳನ್ನೇ ಕೊಳ್ಳುವ ಫಂಡು ಪೇಟೆಯ ಬೆಲೆಯನ್ನು ಬಿಟ್ಟು, ಕೊಂಡ ಬೆಲೆಗೆ ದಿನದಿನದ ಬಡ್ಡಿಯನ್ನು ಸೇರಿಸುತ್ತ ಹೋಗಿ ಲೆಕ್ಕ ಬರೆಯಬಹುದು. ಪೇಟೆಯ ಬೆಲೆಗೂ ಈ ಲೆಕ್ಕಕ್ಕೂ ಅರ್ಧ ಸೆಂಟಿಗಿಂತ ಹೆಚ್ಚು ಅಂತರ ಬಿದ್ದರೆ ಮಾತ್ರ ಫಂಡಿನ ನಿರ್ದೇಶಕರು ಕೂತು ಯೋಚಿಸತಕ್ಕದ್ದು. ಎಂದರೆ ಒಳಗೆ ನಿಜವಾಗಿ ತೊಂಬತ್ತೊಂಬತ್ತು ಮುಕ್ಕಾಲು ಸೆಂಟಿದ್ದರೂ ಹೊರಗೆ ಒಂದು ಡಾಲರೆಂದೇ ಬೋರ್ಡು. ಒಂದು ಡಾಲರನ್ನು ಕೊಟ್ಟೇ ಕೊಡುತ್ತೇವೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಬ್ಯಾಂಕಿನ ಠೇವಣಿಗೆ ಸರ್ಕಾರದ ವಿಮೆಯಿತ್ತು, ಇದಕ್ಕೆ ಇರಲಿಲ್ಲ. ಇದ್ದುದು ಲೆಕ್ಕ ಬರೆಯುವ ಒಂದು ಪದ್ಧತಿ. ಜನ ಅದನ್ನು ಭರವಸೆಯೆಂದು ಓದಿಕೊಂಡರು.

ಈ ಪದ್ಧತಿಯಲ್ಲಿ ಒಂದು ಮುಳ್ಳು ಅಡಗಿದೆ. ನೂರು ಮಂದಿ ತಲೆಗೊಂದು ರೂಪಾಯಿ ಹಾಕಿದ್ದಾರೆನ್ನಿ. ಒಳಗಿನ ಕಾಗದವೊಂದು ಕೆಟ್ಟು ಒಂದು ರೂಪಾಯಿ ನಷ್ಟವಾಯಿತು, ಉಳಿದುದು ತೊಂಬತ್ತೊಂಬತ್ತು. ನ್ಯಾಯವಾಗಿ ಎಲ್ಲರಿಗೂ ತಲೆಗೊಂದು ಪೈಸೆ ಕಡಮೆಯಾಗಬೇಕು. ಆದರೆ ಬೋರ್ಡಿನಲ್ಲಿ ಇನ್ನೂ ಒಂದು ರೂಪಾಯಿಯೆಂದೇ ಇದೆ. ಸುದ್ದಿ ತಿಳಿದ ಐವತ್ತು ಮಂದಿ ಬೆಳಗ್ಗೆಯೇ ಬಂದು ಪೂರ್ತಿ ಐವತ್ತು ರೂಪಾಯಿ ತೆಗೆದುಕೊಂಡು ಹೋದರೆ, ಉಳಿದ ಐವತ್ತು ಮಂದಿಗೆ ನಲವತ್ತೊಂಬತ್ತು. ಅವರಿಗೀಗ ತಲೆಗೆ ಎರಡು ಪೈಸೆ ನಷ್ಟ. ಇನ್ನೂ ಇಪ್ಪತ್ತೈದು ಮಂದಿ ಹೋದರೆ ಮಿಕ್ಕವರಿಗೆ ನಾಲ್ಕು ಪೈಸೆ. ಮೊದಲು ಎದ್ದವನಿಗೆ ಏನೂ ನಷ್ಟವಿಲ್ಲ, ಕೊನೆಗೆ ಎದ್ದವನಿಗೆ ಎಲ್ಲರ ನಷ್ಟ. ಇದನ್ನು ಬಲ್ಲವನು ಒಂದು ಪಿಸುಮಾತು ಕಿವಿಗೆ ಬಿದ್ದರೂ ಎದ್ದು ಓಡುವುದೇ ಬುದ್ಧಿವಂತಿಕೆ. ಓಡುವುದರಲ್ಲಿ ಮುಂದಿರುವವರು ಯಾರು? ದಿನವಿಡೀ ಪೇಟೆಯನ್ನೇ ನೋಡುತ್ತ ಕೂರಲು ಸಂಬಳಕ್ಕೆ ಜನರನ್ನಿಟ್ಟಿರುವ ದೊಡ್ಡ ಕಂಪೆನಿಗಳು. ಮನೆವಾರ್ತೆಯವನಿಗೆ ಸುದ್ದಿ ಮುಟ್ಟುವುದು ಮರುದಿನದ ಪತ್ರಿಕೆಯಲ್ಲಿ.

ಹೀಗಿದ್ದೂ ಹಲವು ಕಾಲ ಯಾರೂ ಓಡಲಿಲ್ಲ. ಅಲ್ಲೊಂದು ಇಲ್ಲೊಂದು ಕಾಗದ ಕೆಟ್ಟಾಗ ಫಂಡಿನ ಒಡೆಯರು ತಮ್ಮ ಕೈಯಿಂದ ಹಣ ಹಾಕಿ ಆ ಕಾಗದವನ್ನು ಪೂರ್ತಿ ಬೆಲೆಗೆ ಕೊಂಡುಬಿಡುತ್ತಿದ್ದರು. ಹೆಸರು ಉಳಿಯಬೇಕಲ್ಲ! ೧೯೯೪ರಲ್ಲಿ ಡೆನ್ವರ್ ನಗರದ ಒಂದು ಸಣ್ಣ ಫಂಡಿಗೆ ಅಂಥ ಆಸರೆ ಸಿಕ್ಕದೆ ಪಾಲಿಗೆ ೯೬ ಸೆಂಟು ಕೊಟ್ಟು ಮುಚ್ಚಿತು. ಅದರಲ್ಲಿ ಹಣವಿಟ್ಟಿದ್ದವರು ಸಣ್ಣ ಬ್ಯಾಂಕುಗಳು. ಸಾಮಾನ್ಯರಿಗೆ ಬಿಸಿ ತಟ್ಟಲಿಲ್ಲವಾಗಿ ಸಂಗತಿ ಬೇಗ ಮರೆತುಹೋಯಿತು. ಒಡೆಯರ ಆಸರೆ ಒಳ್ಳೆಯದೇ. ಆದರೆ ಗಾಯವಾಗದಂತೆ ನೋಡಿಕೊಂಡ ಮಗುವಿಗೆ ಬೆಂಕಿ ಸುಡುತ್ತದೆಂಬುದು ಗೊತ್ತಾಗುವುದಿಲ್ಲ.

ಈ ಕಾಲದಲ್ಲೆಲ್ಲ ಅಪಾಯವನ್ನು ಗಟ್ಟಿಯಾಗಿ ಸಾರುತ್ತಿದ್ದವರಲ್ಲಿ ಬ್ರೂಸ್ ಬೆಂಟರೇ ಪ್ರಮುಖರು ಎಂಬುದು ಈ ಕಥೆಯ ವಿಚಿತ್ರ. ಜನರಿಗೆ ರಾತ್ರಿ ನಿದ್ದೆ ಬರಬೇಕು, ಅದೇ ಈ ಫಂಡಿನ ಗುರಿ ಎಂಬುದು ಅವರ ನಿಲುವು. ವಾಣಿಜ್ಯ ಪತ್ರವನ್ನು ಅವರು ದೂರವಿಟ್ಟಿದ್ದರು. ೧೯೭೦ರ ಜೂನಿನಲ್ಲಿ ಪೆನ್ ಸೆಂಟ್ರಲ್ ಎಂಬ ದೊಡ್ಡ ರೈಲ್ವೆ ಕಂಪೆನಿ ಎಂಟು ಕೋಟಿ ಡಾಲರಿಗೂ ಮೀರಿದ ವಾಣಿಜ್ಯ ಪತ್ರವನ್ನು ತೀರಿಸಲಾರದೆ ದಿವಾಳಿಯೆದ್ದ ವರ್ಷದ ಮರುವರ್ಷವೇ ಅವರ ಫಂಡು ಹುಟ್ಟಿತ್ತೆಂಬುದನ್ನು ಗಮನಿಸಬೇಕು. ೨೦೦೧ರಷ್ಟು ಈಚೆಗೂ, ಒಂದಿಷ್ಟು ಹೆಚ್ಚಿನ ಬಡ್ಡಿಯ ಆಸೆಗೆ ಇಂಥ ಕಾಗದಗಳನ್ನು ತುಂಬಿಕೊಳ್ಳುವವರನ್ನು ಅವರು ಬಹಿರಂಗವಾಗಿ ಹಳಿದಿದ್ದರು.

೨೦೦೬ರ ಸುಮಾರಿಗೆ ಅವರ ಮನೆಯಲ್ಲಿಯೇ ಗಾಳಿ ತಿರುಗಿತು. ರಿಸರ್ವ್ ಪ್ರೈಮರಿ ಎಂಬ ಅವರ ಮುಖ್ಯ ಫಂಡು ವಾಣಿಜ್ಯ ಪತ್ರವನ್ನು ಕೊಳ್ಳತೊಡಗಿತು. ೨೦೦೮ರ ವೇಳೆಗೆ ಹಣದ ಅರ್ಧಕ್ಕಿಂತ ಹೆಚ್ಚು ಅದರಲ್ಲಿತ್ತು. ಬಡ್ಡಿಯ ಪಟ್ಟಿಯಲ್ಲಿ ಫಂಡಿನ ಹೆಸರು ಮೇಲಕ್ಕೆ ಬಂದಿತು. ಪಟ್ಟಿ ನೋಡಿ ಹಣ ಬಂದಿತು. ಎರಡು ವರ್ಷಗಳಲ್ಲಿ ಮೊತ್ತ ಸುಮಾರು ಮೂರು ಪಟ್ಟಾಗಿ ಆರು ಸಾವಿರ ಕೋಟಿ ಡಾಲರನ್ನು ದಾಟಿತು. ಗೊತ್ತಿಲ್ಲದವನು ಹಳ್ಳಕ್ಕೆ ಬೀಳುವುದು ಸಹಜ. ಹಳ್ಳದ ಅಂಚಿನಲ್ಲಿ ನಿಂತು ಮೂವತ್ತು ವರ್ಷ ಎಚ್ಚರಿಸಿದವನು ಏಕೆ ಇಳಿದ? ಪಕ್ಕದವನು ಇಳಿದು ಮೀನು ಹಿಡಿಯುತ್ತಿರುವುದನ್ನು ನೋಡುತ್ತ ದಡದಲ್ಲಿ ನಿಂತೇ ಇರುವುದು ಸುಲಭವಲ್ಲವೆಂದಷ್ಟೆ ನಾನು ಹೇಳಬಲ್ಲೆ.

ಆ ಕಾಗದಗಳ ರಾಶಿಯಲ್ಲಿ ೭೮.೫ ಕೋಟಿ ಡಾಲರಿನಷ್ಟು ಲೀಮನ್ ಬ್ರದರ್ಸ್ ಎಂಬ ಸಂಸ್ಥೆಯದಾಗಿತ್ತು. ಒಟ್ಟು ಮೊತ್ತದಲ್ಲಿ ಅದು ನೂರಕ್ಕೆ ಒಂದೂಕಾಲಿನಷ್ಟು, ಅಷ್ಟೆ. ಲೀಮನ್ ೧೮೫೦ರಲ್ಲಿ ಸ್ಥಾಪನೆಯಾದ ಸಂಸ್ಥೆ. ೨೦೦೮ರ ಸೆಪ್ಟೆಂಬರ್ ೧೫, ಸೋಮವಾರ ಅದು ದಿವಾಳಿಯ ಅರ್ಜಿ ಹಾಕಿತು.

ಆ ದಿನ ಫಂಡಿನ ನಿರ್ದೇಶಕರು ಲೀಮನ್ ಕಾಗದಕ್ಕೆ ಡಾಲರಿಗೆ ಎಂಬತ್ತು ಸೆಂಟು ಬೆಲೆ ಕಟ್ಟಿದರು. ಹಾಗೆ ಕಟ್ಟಿದರೆ ನಷ್ಟ ಒಟ್ಟಿನಲ್ಲಿ ಕಾಲು ಸೆಂಟು. ಬೋರ್ಡಿನಲ್ಲಿ ಡಾಲರೆಂದು ಉಳಿಸಿಕೊಳ್ಳಬಹುದಿತ್ತು. ಹೊರಗೆ ಯಾರೂ ಅದನ್ನು ನಂಬಲಿಲ್ಲ. ಅಂದು ಒಂದೇ ದಿನ ವಾಪಸು ಕೇಳಿ ಬಂದ ಹಣ ಸುಮಾರು ಎರಡೂವರೆ ಸಾವಿರ ಕೋಟಿ ಡಾಲರ್. ಒಂದು ಸಾವಿರ ಕೋಟಿಯಷ್ಟು ಕೊಡುವ ಹೊತ್ತಿಗೆ ಫಂಡಿನ ಲೇವಾದೇವಿ ನೋಡುತ್ತಿದ್ದ ಬ್ಯಾಂಕು ಇನ್ನು ಮುಂಗಡ ಕೊಡಲಾರೆನೆಂದು ಕೈಯೆತ್ತಿತು. ಮಂಗಳವಾರವೂ ಕೇಳಿಕೆ ಬರುತ್ತಲೇ ಇತ್ತು. ಸಂಜೆ ನಾಲ್ಕಕ್ಕೆ ಲೀಮನ್ ಕಾಗದಕ್ಕೆ ಸೊನ್ನೆ ಬೆಲೆಯೆಂದು ಒಪ್ಪಿದರು. ಒಂದೂಕಾಲು ಸೆಂಟಿನ ತೂತು, ಸರದಿಯಲ್ಲಿ ನಿಂತವರ ಪೂರ್ತಿ ಡಾಲರನ್ನು ಕಳೆದ ಮೇಲೆ, ಉಳಿದವರ ಪಾಲಿಗೆ ಮೂರು ಸೆಂಟಾಗಿತ್ತು. ಪಾಲಿನ ಬೆಲೆ ೯೭ ಸೆಂಟೆಂದು ಪ್ರಕಟವಾಯಿತು.

ಮೂರು ಸೆಂಟಿಗೆ ಇಷ್ಟು ಗೋಳೇ ಎನ್ನಬೇಡಿ. ಹಣ ಕೇಳಿದವರಿಗೆ ಮೂರು ಸೆಂಟಿನ ನಷ್ಟಕ್ಕಿಂತ ಮಿಕ್ಕ ೯೭ ಸೆಂಟು ಕೈಗೆ ಸಿಕ್ಕದೆ ಹೋದದ್ದೇ ಸಂಕಟ. ಸಂಬಳ ಕೊಡಬೇಕಾದವರಿದ್ದರು, ಬಿಲ್ಲು ಕಟ್ಟಬೇಕಾದವರಿದ್ದರು. ಊರಿನ ಬಾಕಿ ಫಂಡುಗಳಲ್ಲಿ ಲೀಮನ್ ಕಾಗದ ಇದ್ದವರೂ ಇಲ್ಲದವರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಆ ವಾರ ವಾಣಿಜ್ಯ ಪತ್ರ ಕೊಳ್ಳುವ ಫಂಡುಗಳಿಂದ ಮೂವತ್ತು ಸಾವಿರ ಕೋಟಿ ಡಾಲರಿನಷ್ಟು ಹೊರಬಿದ್ದು ಬಹುಪಾಲು ಖಜಾನೆ ಹುಂಡಿಯ ಆಸರೆಗೆ ಓಡಿತು. ಹುಂಡಿಗೆ ಎಷ್ಟು ಕಾತರವೆಂದರೆ ಅದರ ಬಡ್ಡಿ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಅತ್ತ ಫಂಡುಗಳಿಗೆ ಕಾಗದ ಮಾರಿ ದಿನದ ಖರ್ಚು ತೂಗಿಸುತ್ತಿದ್ದ ಗಟ್ಟಿ ಕಂಪೆನಿಗಳಿಗೂ ಸಾಲ ಹುಟ್ಟದಾಯಿತು. ಶುಕ್ರವಾರ, ಸೆಪ್ಟೆಂಬರ್ ೧೯ರಂದು ಅಮೆರಿಕದ ಸರ್ಕಾರ, ಸೇರಬಯಸುವ ಫಂಡುಗಳಲ್ಲಿ ಈಗಾಗಲೇ ಇರುವ ಹಣಕ್ಕೆ ತಾನು ಹೊಣೆಯೆಂದು ಸಾರಿತು. ಇದಕ್ಕೆ ಮೀಸಲಿಟ್ಟದ್ದು ೧೯೩೪ರಲ್ಲಿ ಡಾಲರಿನ ವಿದೇಶೀ ವಿನಿಮಯವನ್ನು ಕಾಯಲೆಂದು ಹುಟ್ಟಿದ ನಿಧಿ. ಒಂದು ವರ್ಷ ನಡೆದ ಆ ಹೊಣೆಯಲ್ಲಿ ಸರ್ಕಾರ ಒಂದು ಡಾಲರನ್ನೂ ಕೊಡಬೇಕಾಗಿ ಬರಲಿಲ್ಲ. ಮಾತಿಗೇ ಓಟ ನಿಂತಿತು.

ಮುಂದೆ ನಿಯಮಗಳು ಬಂದುವು. ೨೦೧೪ರ ನಿಯಮದ ಪ್ರಕಾರ, ದೊಡ್ಡ ಸಂಸ್ಥೆಗಳು ಹಣವಿಡುವ ವಾಣಿಜ್ಯ ಪತ್ರದ ಫಂಡುಗಳು ೨೦೧೬ರ ಅಕ್ಟೋಬರಿನಿಂದ ನಿಜವಾದ ಏರಿಳಿಯುವ ಬೆಲೆಯನ್ನೇ ತೋರಿಸಬೇಕಾಯಿತು. ಅಪಾಯದ ಕಾಲದಲ್ಲಿ ಬಾಗಿಲು ಮುಚ್ಚುವ ಅಧಿಕಾರವನ್ನೂ ಫಂಡುಗಳಿಗೆ ಕೊಟ್ಟರು. ಇದು ಎಡವಟ್ಟಾಯಿತು: ೨೦೨೦ರ ಮಾರ್ಚಿನಲ್ಲಿ ಕೊರೋನಾ ಭಯ ಹಬ್ಬಿದಾಗ, ಬಾಗಿಲು ಮುಚ್ಚೀತೆಂಬ ಶಂಕೆಯಿಂದಲೇ ಜನ ಇನ್ನೂ ಬೇಗ ಓಡಿದರು, ಕೇಂದ್ರ ಬ್ಯಾಂಕು ಮತ್ತೆ ನಡುವೆ ಬಂದಿತು. ೨೦೨೩ರಲ್ಲಿ ಆ ಬಾಗಿಲನ್ನು ತೆಗೆದುಹಾಕಿದರು. ಇಷ್ಟಾದರೂ ಈ ಫಂಡುಗಳ ಮೇಲಿನ ಮೋಹ ಕುಗ್ಗಿಲ್ಲ. ೨೦೨೪ರಲ್ಲಿ ಅಮೆರಿಕದಲ್ಲಿ ಇವುಗಳ ಮೊತ್ತ ಆರು ಲಕ್ಷ ಕೋಟಿ ಡಾಲರನ್ನು ಮೀರಿತ್ತು. ಹೆಚ್ಚಿನ ಪಾಲು ಸರ್ಕಾರದ ಕಾಗದವನ್ನಷ್ಟೇ ಕೊಳ್ಳುವ ಫಂಡುಗಳಲ್ಲಿ.

ನಮ್ಮ ದೇಶಕ್ಕೂ ಈ ಗಾಳಿ ಬೀಸದಿರಲಿಲ್ಲ. ಇಲ್ಲಿ ಹಣದ ಪೇಟೆಯ ಫಂಡುಗಳಿಗೆ ರಿಸರ್ವ್ ಬ್ಯಾಂಕು ೧೯೯೨ರಲ್ಲಿ ನಿಯಮ ಮಾಡಿತು. ೨೦೦೦ದಲ್ಲಿ ಅವು ಸೆಬಿಯ ಆಡಳಿತಕ್ಕೆ ಬಂದುವು. ೨೦೦೮ರ ಅಕ್ಟೋಬರಿನಲ್ಲಿ ಕಂಪೆನಿಗಳು ಒಮ್ಮೆಲೇ ಹಣ ತೆಗೆಯತೊಡಗಿದಾಗ, ಫಂಡುಗಳಿಗೆ ಸಾಲ ಕೊಡಲೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ೨೦,೦೦೦ ಕೋಟಿ ರೂಪಾಯಿಯ ವಿಶೇಷ ಏರ್ಪಾಡು ಮಾಡಬೇಕಾಯಿತು. ೨೦೧೮ರಲ್ಲಿ ಐಎಲ್ ಅಂಡ್ ಎಫ್‌ಎಸ್ ಎಂಬ ಸಂಸ್ಥೆ ಸಾಲ ತೀರಿಸದೆ ಕುಸಿಯಿತು. ಕುಸಿಯುವ ಕೆಲವೇ ವಾರಗಳ ಹಿಂದಿನವರೆಗೆ ಅದರ ಕಾಗದಕ್ಕೆ ಅತ್ಯುನ್ನತ ದರ್ಜೆಯ ಮುದ್ರೆಯಿತ್ತು! ಅದನ್ನು ಕೊಂಡಿದ್ದ ಕೆಲವು ಲಿಕ್ವಿಡ್ ಫಂಡುಗಳ ಬೆಲೆ, ದಿನವೂ ಕೂದಲೆಳೆಯಷ್ಟು ಏರುತ್ತಲೇ ಇದ್ದದ್ದು, ಇದ್ದಕ್ಕಿದ್ದಂತೆ ಇಳಿಯಿತು. ಆಮೇಲೆ ಸೆಬಿ ಬಿಗಿ ಮಾಡಿತು. ಲಿಕ್ವಿಡ್ ಫಂಡು ಕೊಳ್ಳುವ ಕಾಗದ ೯೧ ದಿನಗಳ ಒಳಗೆ ತೀರುವಂಥದಾಗಿರಬೇಕೆಂಬುದು ಮೊದಲೇ ಇತ್ತು. ನೂರರಲ್ಲಿ ಇಪ್ಪತ್ತು ಪಾಲಾದರೂ ನಗದು, ಸರ್ಕಾರಿ ಕಾಗದಗಳಲ್ಲಿರಬೇಕೆಂದೂ, ಕಾಗದಗಳಿಗೆ ಪೇಟೆಯ ಬೆಲೆಯನ್ನೇ ಕಟ್ಟಬೇಕೆಂದೂ, ಏಳು ದಿನ ತುಂಬುವ ಮುನ್ನ ಹಣ ತೆಗೆದರೆ ಅಲ್ಪ ಶುಲ್ಕ ತೆರಬೇಕೆಂದೂ ಸೇರಿತು. ನಮ್ಮ ಬ್ಯಾಂಕಿನ ಠೇವಣಿಗೆ ೨೦೨೦ರಿಂದ ಐದು ಲಕ್ಷ ರೂಪಾಯಿಯವರೆಗೆ ವಿಮೆಯಿದೆ. ಫಂಡಿಗೆ ಇಲ್ಲಿಯೂ ವಿಮೆಯಿಲ್ಲ. ಸರ್ಕಾರದ ಹುಂಡಿಯೆಷ್ಟು, ಬ್ಯಾಂಕಿನ ಕಾಗದವೆಷ್ಟು, ಕಂಪೆನಿಯ ಕಾಗದವೆಷ್ಟು, ಯಾವ ಕಂಪೆನಿಯದು ಎಂಬ ಪಟ್ಟಿಯನ್ನು ಪ್ರತಿ ಫಂಡೂ ನಿಯತವಾಗಿ ಪ್ರಕಟಿಸಬೇಕು. ಪಂಚಾಂಗದ ಹೊರತು ಬೇರೆ ಪಟ್ಟಿಗಳನ್ನು ಓದುವ ತಾಳ್ಮೆ ನಮ್ಮಲ್ಲಿ ಕಡಮೆ. ಈ ಪಟ್ಟಿಗೆ ಒಂದು ಗಳಿಗೆ ಸಾಕು. ಪಕ್ಕದ ಫಂಡಿಗಿಂತ ಇದು ಅರ್ಧ ರೂಪಾಯಿ ಹೆಚ್ಚು ಕೊಡುತ್ತಿರುವುದು ಏಕೆಂಬುದು ಸಾಮಾನ್ಯವಾಗಿ ಅಲ್ಲಿಯೇ ಸಿಕ್ಕುತ್ತದೆ.

ರಿಸರ್ವ್ ಪ್ರೈಮರಿಯಲ್ಲಿ ಸಿಕ್ಕಿಕೊಂಡವರ ಗತಿ ಏನಾಯಿತೆಂದು ಕೇಳುವಿರಿ. ಮೊದಲ ಕಂತು, ಪಾಲಿನ ಅರ್ಧದಷ್ಟು, ಅವರಿಗೆ ಬಂದದ್ದು ಅಕ್ಟೋಬರ್ ತಿಂಗಳ ಕೊನೆಗೆ. ಮಿಕ್ಕದ್ದು ಕಂತುಕಂತಾಗಿ. ನಡುವೆ ವ್ಯಾಜ್ಯ ಹುಟ್ಟಿತು: ಸೋಮವಾರವೇ ಅರ್ಜಿ ಕೊಟ್ಟಿದ್ದೆವು, ನಮಗೆ ಪೂರ್ತಿ ಡಾಲರ್ ಸಲ್ಲಬೇಕೆಂದು ಸರದಿಯಲ್ಲಿ ಮುಂದಿದ್ದವರ ವಾದ. ಆಗಲೇ ಹಣ ಕೈಸೇರಿದವರು ಪೂರ್ತಿ ಡಾಲರ್ ಪಡೆದಾಗಿತ್ತು. ಉಳಿದವರೆಲ್ಲರಿಗೂ, ಯಾವ ಗಳಿಗೆಯಲ್ಲಿ ಕೇಳಿದ್ದರೂ, ಇರುವುದನ್ನು ಸಮನಾಗಿ ಹಂಚಬೇಕೆಂದು ೨೦೦೯ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸಂಯುಕ್ತ ನ್ಯಾಯಾಲಯ ತೀರ್ಪು ಕೊಟ್ಟಿತು. ಬೆಂಟ್ ಮತ್ತು ಅವರ ಮಗನ ಮೇಲೆ ಆ ಎರಡು ದಿನಗಳಲ್ಲಿ ಜನಕ್ಕೆ ಸುಳ್ಳು ಭರವಸೆ ಕೊಟ್ಟರೆಂದು ನಿಯಂತ್ರಣ ಮಂಡಲಿ ಹೂಡಿದ ಮೊಕದ್ದಮೆ ೨೦೧೨ರಲ್ಲಿ ತೀರ್ಮಾನವಾಯಿತು. ವಂಚನೆಯ ಆರೋಪವನ್ನು ಜ್ಯೂರಿ ಇಬ್ಬರ ಮೇಲೂ ಒಪ್ಪಲಿಲ್ಲ, ಮಗನ ಮೇಲೆ ಅಲಕ್ಷ್ಯದ ಒಂದು ತಪ್ಪನ್ನು ಮಾತ್ರ ಹೊರಿಸಿತು. ಸೊನ್ನೆಯೆಂದು ಬರೆದುಹಾಕಿದ್ದ ಲೀಮನ್ ಕಾಗದಕ್ಕೂ ಕೊನೆಗೆ ಒಂದಿಷ್ಟು ಬೆಲೆ ಬಂದಿತು. ಎಲ್ಲ ಕೂಡಿ ಪಾಲುದಾರರಿಗೆ ಡಾಲರಿಗೆ ತೊಂಬತ್ತೊಂಬತ್ತು ಸೆಂಟಿನ ಮೇಲೆ ಚಿಲ್ಲರೆ ಕೈಸೇರಿತು, ವರ್ಷಗಳ ಮೇಲೆ.